ಒಪ್ಪಿಗೆಯ ಕೆಳಗಿನ ಸಾಲು

ಮಾತಾಡುತ್ತಿರುವವನ ಬಾಯಿಯನ್ನು ಅರ್ಧ ನಿಮಿಷಕ್ಕೊಮ್ಮೆ ಯಾರಾದರೂ ಕೈಯಿಂದ ಮುಚ್ಚಿದರೆ ಅವರನ್ನು ನಾವು ಸುಮ್ಮನೆ ಬಿಡುವುದಿಲ್ಲ. ನನ್ನ ಅಣ್ಣನಿಗೆ ತಿಂಗಳುಗಟ್ಟಲೆ ದಿನವೂ ಹೀಗಾಗುತ್ತಿತ್ತು. ಯಾರೂ ಒಂದು ಮಾತು ಆಡಲಿಲ್ಲ. ಏಕೆಂದರೆ ಮುಚ್ಚುತ್ತಿದ್ದದ್ದು ಅವನದೇ ಫೋನು. ಪರದೆ ತಾನಾಗಿ ಆರುವುದು ಬ್ಯಾಟರಿ ಉಳಿಸಲಿಕ್ಕೆ ಎಂದು ಎಲ್ಲರಿಗೂ ಗೊತ್ತಿತ್ತು. ಬ್ಯಾಟರಿಯ ಮೇಲೆ ನಮ್ಮ ಜನಕ್ಕೆ ಇಷ್ಟೊಂದು ಕರುಣೆ ಇದೆ ಎಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಅಣ್ಣ ಅರಕಲಗೂಡಿನಲ್ಲಿ ಎಣ್ಣೆ ಮಿಲ್ಲು ಇಟ್ಟುಕೊಂಡಿದ್ದಾನೆ. ಕೊಬ್ಬರಿ, ಕಡಲೆಕಾಯಿ, ಹುಚ್ಚೆಳ್ಳು, ಯಾರು ಏನು ತಂದರೂ ಎಣ್ಣೆ ತೆಗೆದುಕೊಡುತ್ತಾನೆ. ಮದುವೆಯಾಗಲಿಲ್ಲ, ಮಿಲ್ಲಿನ ಹಿಂದಿನ ಎರಡು ಕೋಣೆಯೇ ಮನೆ. ಗಂಟಲಲ್ಲಿ ಗೆಡ್ಡೆ ಬಂದು ಹಾಸನದಲ್ಲಿ ಆಪರೇಷನ್ ಆಯಿತು. ಜೀವ ಉಳಿಯಿತು, ಧ್ವನಿ ಹೋಯಿತು. ಧ್ವನಿ ತಿರುಗಿ ಬರಬಹುದೇ ಎಂದು ಡಾಕ್ಟರನ್ನು ಕೇಳಿದಾಗ ಅವರು "ಹೇಳಕ್ಕಾಗಲ್ಲ" ಎಂದರು ಎಂದು ನನ್ನ ನೆನಪು. "ಬರಲ್ಲ" ಎಂದೇ ಹೇಳಿದರು ಎಂದು ಅಕ್ಕನ ನೆನಪು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಕೇಳಿದ್ದೆವು. ಅಂದಿನಿಂದ ನನ್ನ ಕಿವಿಯ ಮೇಲೂ ನನಗೆ ಪೂರ್ತಿ ನಂಬಿಕೆಯಿಲ್ಲ.

ಅಣ್ಣ ಹೇಳಬೇಕಾದ್ದನ್ನು ಫೋನಿನಲ್ಲಿ ಬರೆದು ತೋರಿಸತೊಡಗಿದ. ಕಾಗದ, ಪೆನ್ನು ಸಾಲದೇ ಎಂದು ಯಾರಾದರೂ ಕೇಳಬಹುದು. ಅವನ ಕೈಬರಹ ಅವನಿಗೇ ಓದಲು ಬರುವುದಿಲ್ಲ. ಹಾಸನದಲ್ಲಿ ಮೇಷ್ಟ್ರಾಗಿರುವ ನಾನು ಅಲ್ಲಿಂದ ಒಂದು ಸ್ಲೇಟು ಕೊಂಡುಹೋಗಿದ್ದೆ. ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಫೋನಿನಲ್ಲಿ "ಮಗ್ಗಿ ಬರೀಬೇಕೇನ್ಲಾ?" ಎಂದು ಒತ್ತಿ ತೋರಿಸಿದ. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುವ ಆ್ಯಪ್ ಒಂದನ್ನೂ ಹಾಕಿಕೊಟ್ಟೆ. ಅದರಲ್ಲಿದ್ದದ್ದು ರೈಲ್ವೆ ಸ್ಟೇಷನ್ನಿನಲ್ಲಿ ಕೇಳುವಂಥ ಹೆಂಗಸಿನ ಧ್ವನಿ. "ಲೋ, ಬಾರ್ಲಾ ಇಲ್ಲಿ" ಎಂದು ಅಣ್ಣ ಒತ್ತಿದ್ದನ್ನು ಅದು, ತಡವಾಗಿ ಬರುವ ಗಾಡಿಯ ವಿಷಯ ತಿಳಿಸುವಂತೆ, ಬಹಳ ವಿನಯದಿಂದ ಓದಿತು. ಅಣ್ಣ ನಕ್ಕ. ಈಗ ಅವನ ನಗುವಿನಲ್ಲಿ ಶಬ್ದವಿಲ್ಲ, ಹೆಗಲು ಮಾತ್ರ ಕುಣಿಯುತ್ತದೆ. ನಕ್ಕು ಮುಗಿದ ಮೇಲೆ "ತೆಗಿ ಇದ್ನ" ಎಂದು ಬರೆದ.

ಹಾಗಾಗಿ ಉಳಿದದ್ದು ಒಂದು ಬೆರಳು, ಒಂದು ಪರದೆ. ಯಾವುದೋ ಒತ್ತಕ್ಷರ ಹುಡುಕುತ್ತ ಕೈ ನಿಂತರೆ ಪರದೆ ಮಂಕಾಗಿ ಆರಿಹೋಗುತ್ತದೆ. ಬರೆದು ಮುಗಿಸಿ ಎದುರಿನವರ ಕೈಗೆ ಕೊಟ್ಟರೆ, ಅವರು ಜೇಬಿನಿಂದ ಕನ್ನಡಕ ತೆಗೆಯುವಷ್ಟರಲ್ಲಿ ಆರಿಹೋಗುತ್ತದೆ. "ಏನೋ ಆಗೋಯ್ತು ಕಣಪ್ಪ, ನಾನೇನೂ ಮುಟ್ನಿಲ್ಲ" ಎಂದು ವಾಪಸ್ ಕೊಡುತ್ತಾರೆ. ಬೆರಳಿಟ್ಟರೆ ಬೀಗ ತೆರೆಯಬೇಕು. ಆದರೆ ವರ್ಷಾನುಗಟ್ಟಲೆ ಎಣ್ಣೆಯಲ್ಲಿ ನೆಂದ ಬೆರಳನ್ನು ಫೋನು ಗುರುತು ಹಿಡಿಯುವುದು ತನಗೆ ಮನಸ್ಸು ಬಂದಾಗ ಮಾತ್ರ. ಆಮೇಲೆ ಪಿನ್ ಒತ್ತಬೇಕು. ಅಷ್ಟು ಹೊತ್ತಿಗೆ ಮಾತು ಮುಂದೆ ಹೋಗಿರುತ್ತದೆ. ಅಣ್ಣ ಹೋದ ಬಸ್ಸಿಗೆ ಕೈ ತೋರಿಸುವವನಂತೆ ಫೋನು ಎತ್ತಿ ಹಿಡಿದುಕೊಂಡು ನಿಂತಿರುತ್ತಾನೆ.

ಇದಕ್ಕಿಂತ ಹೆಚ್ಚು ಸಿಟ್ಟು ಬರಿಸಿದ್ದು ಇನ್ನೊಂದು. ಪರದೆ ಆರಿದ ಕೂಡಲೇ ಉಳಿದ ಮಾತನ್ನು ಜನ ತಾವೇ ಪೂರ್ತಿ ಮಾಡಿಬಿಡುತ್ತಿದ್ದರು. ಕನ್ನಡದಲ್ಲಿ ಇದು ಸಣ್ಣ ಅಪಾಯವಲ್ಲ. ನಮ್ಮಲ್ಲಿ ಹೌದೋ ಅಲ್ಲವೋ ಎನ್ನುವುದು ಮಾತಿನ ಬಾಲದಲ್ಲಿರುತ್ತದೆ. ಯಾರು, ಎಲ್ಲಿಗೆ, ಯಾವಾಗ, ಯಾಕೆ ಎಲ್ಲವೂ ಸಾಲಾಗಿ ಬಂದು ಹೋದ ಮೇಲೆ ಕೊನೆಯಲ್ಲಿ ಒಂದು 'ಇಲ್ಲ'ವೋ 'ಬೇಡ'ವೋ ಬಂದು ಹಿಂದಿನದನ್ನೆಲ್ಲ ಮಗುಚಿ ಹಾಕುತ್ತದೆ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಅಣ್ಣ "ಕಾಫಿಗೆ ಸಕ್ಕರೆ ಹಾಕಬೇಡ" ಎಂದು ಬರೆದು ತೋರಿಸಿದ್ದ. ಹೋಟೆಲಿನವನು "ಸಕ್ರೆ ತಾನೆ? ಅದ್ಕೇನಂತೆ ಅಣ್ಣೋ" ಎಂದು ಇನ್ನೂ ಒಂದು ಚಮಚ ಹೆಚ್ಚು ಹಾಕಿ ತಂದಿಟ್ಟ. ಅದನ್ನು ಕುಡಿದು ಎದ್ದುಬರಬಹುದು. ಚನ್ನರಾಯಪಟ್ಟಣದ ಅಕ್ಕನ ಮನೆಯಲ್ಲಿ ಒಂದು ಭಾನುವಾರ ಆದದ್ದನ್ನು ಹಾಗೆ ಕುಡಿದು ಮುಗಿಸುವಂತಿರಲಿಲ್ಲ.

ಅಕ್ಕ ನಮ್ಮಿಬ್ಬರಿಗೂ ದೊಡ್ಡವಳು. ಭಾವ ಕೊಬ್ಬರಿ ವ್ಯಾಪಾರದವರು. ಊರಲ್ಲಿ ಯಾರ ಜಗಳವಿದ್ದರೂ ಕೂತು ಬಗೆಹರಿಸುವ ಗತ್ತಿನವರು. ಆಪರೇಷನ್ ಆದಂದಿನಿಂದ ಮಿಲ್ಲು ಮುಚ್ಚಿತ್ತು. ಅದನ್ನು ಕೊಣನೂರಿನ ತಮ್ಮ ಪರಿಚಯದವರೊಬ್ಬರಿಗೆ ಬಾಡಿಗೆಗೆ ಕೊಡಿಸಿ, ಅಣ್ಣನನ್ನು ತಮ್ಮ ಮನೆಗೆ ಕರೆತಂದು ಇರಿಸಿಕೊಳ್ಳಬೇಕೆಂದು ಅವರು ತೀರ್ಮಾನ ಮಾಡಿದ್ದರು. ಅಣ್ಣನಿಗೆ ಮಿಲ್ಲು ಮತ್ತೆ ಶುರು ಮಾಡಬೇಕಿತ್ತು. ಯಂತ್ರ ಓಡುವಾಗ ಅಲ್ಲಿ ಯಾರಿಗೂ ಯಾರ ಮಾತೂ ಕೇಳುವುದಿಲ್ಲ, ಇಷ್ಟು ವರ್ಷವೂ ಕೈಸನ್ನೆಯಲ್ಲೇ ವ್ಯಾಪಾರ ನಡೆದಿದೆ, ಈಗ ಹೊಸದಾಗಿ ಕಳೆದುಕೊಂಡದ್ದೇನು ಎಂಬುದು ಅವನ ವಾದ. ನನಗೆ ಅದರಲ್ಲಿ ತಪ್ಪು ಕಾಣಲಿಲ್ಲ.

ನಾನು ಹಾಸನದಿಂದ, ಅವನು ಅರಕಲಗೂಡಿನಿಂದ ಹೋಗಿದ್ದೆವು. ಮೇಜಿನ ಮೇಲೆ ಬಾಳೆ ಎಲೆ ಹಾಕಿ ಅಕ್ಕ ಒಬ್ಬಟ್ಟು ಬಡಿಸಿದ್ದಳು.

"ಒಬ್ನೇ ಬಿದ್ದಿರ್ತೀಯ. ಏನಾರ ಹೆಚ್ಚುಕಮ್ಮಿ ಆದ್ರೆ ಕೂಗಕಾದ್ರೂ ಆಯ್ತದೇನ್ಲಾ ನಿನ್ಗೆ?" ಎಂದಳು ಅಕ್ಕ. ಅವಳ ಭಯ ಸುಳ್ಳಲ್ಲ. ಅದನ್ನು ನಾನು ಒಪ್ಪುತ್ತೇನೆ.

"ಕೊಣನೂರೋರು ಒಳ್ಳೆ ಜನ. ಮಿಲ್ ಅವ್ರು ನೋಡ್ಕತಾರೆ, ನೀನು ಇಲ್ಲಿ ಆರಾಮಾಗಿ ಟಿವಿ ನೋಡ್ಕಂಡಿರು" ಎಂದರು ಭಾವ. "ನಾನು ಹೆಚ್ಚುಕಮ್ಮಿ ಮಾತು ಕೊಟ್ಬುಟ್ಟಿವ್ನಿ ಕಣಪ್ಪ."

ಅಣ್ಣ ಎಡಗೈಯಲ್ಲಿ ಫೋನು ಎಲೆಯ ಪಕ್ಕ ಇಟ್ಟುಕೊಂಡು, ಎಡಗೈ ಬೆರಳಲ್ಲೇ ನಿಧಾನವಾಗಿ ಬರೆದ. ಬರೆದು ಭಾವನ ಕಡೆಗೆ ಸರಿಸಿದ. ಅವನು ಬರೆದದ್ದು ಇಷ್ಟು: "ಮಿಲ್ಲು ಬಾಡಿಗೆಗೆ ಕೊಟ್ಟು ನಾನು ಇಲ್ಲಿಗೆ ಬಂದು ಇರೋಕೆ ನನ್ನ ಒಪ್ಪಿಗೆ ಇಲ್ಲ." ಕಣ್ಣಿಗೆ ಅನುಕೂಲವಾಗಲೆಂದು ಅಕ್ಷರಗಳನ್ನು ತೀರಾ ದೊಡ್ಡದಾಗಿ ಇಟ್ಟುಕೊಂಡಿದ್ದ. ಹಾಗಾಗಿ 'ಇಲ್ಲ' ಎಂಬುದು ಕೆಳಗಿನ ಸಾಲಿನಲ್ಲಿ ಒಂಟಿಯಾಗಿ ಬಿದ್ದಿತ್ತು.

ಭಾವನ ಬಲಗೈ ಎಂಜಲು. ಎಡಗೈಯಲ್ಲಿ ಫೋನಿನ ಅಂಚು ಹಿಡಿದು, ಕನ್ನಡಕ ಇಲ್ಲದ್ದರಿಂದ ತೋಳುದ್ದ ದೂರ ಇಟ್ಟು, ಒಂದೊಂದೇ ಪದ ಓದಿದರು. "ಮಿಲ್ಲು... ಬಾಡಿಗೆಗೆ ಕೊಟ್ಟು... ನಾನು ಇಲ್ಲಿಗೆ ಬಂದು... ಇರೋಕೆ... ನನ್ನ... ಒಪ್ಪಿಗೆ..." ಪರದೆ ಆರಿತು.

"ಒಪ್ಗೆ!" ಎಂದು ಭಾವ ಮೇಜು ತಟ್ಟಿದರು. "ಕೇಳುದ್ಯೇನೇ? ಒಪ್ಗೆ ಅಂತೆ!"

ಅಣ್ಣ ತಲೆ ಅಲ್ಲಾಡಿಸಿದ. ಎಲೆಯ ಮೇಲೆ ಕೈ ಅಡ್ಡ ಹಿಡಿದು ಜೋರಾಗಿ ಆಡಿಸಿದ. ಅದೇ ತಪ್ಪಾಯಿತು. ನಮ್ಮ ಕಡೆ ಎಲೆಯ ಮೇಲೆ ಅಡ್ಡ ಹಿಡಿದ ಕೈಯನ್ನು ಯಾರೂ ಬೇಡ ಎಂದು ತಿಳಿಯುವುದಿಲ್ಲ. "ಸಂಕೋಚ ಯಾಕ್ಲಾ, ನಿನ್ನ ಮನೆ ಅಲ್ವಾ ಇನ್ಮೇಲೆ" ಎಂದು ಅಕ್ಕ ಇನ್ನೊಂದು ಒಬ್ಬಟ್ಟು ಹಾಕಿ ತುಪ್ಪ ಸುರಿದಳು.

"ಭಾವ, ಕೆಳಗೆ ಇನ್ನೊಂದು ಪದ ಇತ್ತು" ಎಂದು, ಅಣ್ಣನ ಪಕ್ಕದಲ್ಲಿ ಕೂತು ಅವನು ಬರೆದದ್ದನ್ನು ನೋಡಿದ್ದ ನಾನು ಹೇಳಿದೆ.

"ಏನ್ ಮೇಷ್ಟ್ರೇ, ಓದಿದ್ದು ಜಾಸ್ತಿಯಾಗಿ ನಿಮ್ಗೆ ಎಲ್ಲಾದ್ರಲ್ಲೂ ಅನುಮಾನ" ಎಂದರು ಭಾವ. ಅಣ್ಣ ಫೋನು ಎಳೆದುಕೊಂಡ. ಬೀಗ ತೆರೆಯುವುದು ಬಲಗೈ ಹೆಬ್ಬೆರಳಿಗೆ. ಅದರ ತುಂಬ ತುಪ್ಪ. ಎಡಗೈಯಲ್ಲಿ ಪಿನ್ ಒತ್ತಿದ. ಅವಸರಕ್ಕೆ ತಪ್ಪಾಯಿತು, ಮತ್ತೆ ಮತ್ತೆ ತಪ್ಪಾಯಿತು. ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ ಎಂದು ಫೋನು ಅವನಿಗೇ ಬುದ್ಧಿ ಹೇಳಿತು. ಅಷ್ಟರಲ್ಲಿ ಭಾವ ತಮ್ಮ ಫೋನಿನಲ್ಲಿ ಕೊಣನೂರಿಗೆ ಮಾತಾಡುತ್ತಿದ್ದರು. "ಆಯ್ತು ಕಣಯ್ಯ, ಒಪ್ಕಂಡ. ಬುಧವಾರ ಬಾ, ಮಿಲ್ ತೋರುಸ್ತೀನಿ."

ಅಂತೂ ಪರದೆ ತೆರೆದು ಅಣ್ಣ ಎದ್ದುಹೋಗಿ ಭಾವನ ಮುಂದೆ ಹಿಡಿದ. "ನೋಡುದ್ನಲ್ಲಪ್ಪ, ಎಷ್ಟ್ ಸಲ ತೋರುಸ್ತೀಯ" ಎನ್ನುತ್ತ ಅವರು ಕೈ ತೊಳೆಯಲು ನಡೆದರು. ಅಕ್ಕನಿಗೆ ತೋರಿಸಿದ. ಅವಳು ಪೂರ್ತಿ ಓದಿದಳು. ಓದಿ, ಸೆರಗಿನಲ್ಲಿ ಕೈ ಒರೆಸಿಕೊಂಡು, "ಮಾತು ಕೊಟ್ಟಾಯ್ತಲ್ಲೋ ಈಗ. ಬುಧವಾರ ಬರ್ಲಿ, ಆಮೇಲೆ ನೋಡಾನ ಬುಡು" ಎಂದಳು. ಒಬ್ಬ ಮನುಷ್ಯನ 'ಇಲ್ಲ'ಕ್ಕಿಂತ ಒಂದು ಫೋನ್ ಕರೆ ದೊಡ್ಡದಾಯಿತು. ಅಣ್ಣ ತಿರುಗಿ ಎಲೆಯ ಮುಂದೆ ಕೂರಲಿಲ್ಲ.

ವಾಪಸಾಗುವಾಗ ಹೊಳೆನರಸೀಪುರದ ಬಸ್ಸಿನಲ್ಲಿ ಇಬ್ಬರೂ ಒಟ್ಟಿಗೆ ಬಂದೆವು. ದಾರಿಯುದ್ದಕ್ಕೂ ನನ್ನನ್ನು ಒಂದೇ ಪ್ರಶ್ನೆ ಕೊರೆಯುತ್ತಿತ್ತು. ಪರದೆ ಸರಿಯಾಗಿ 'ಒಪ್ಪಿಗೆ'ಯ ಹತ್ತಿರವೇ ಆರಿತೇ, ಅಥವಾ ಭಾವ 'ಇಲ್ಲ'ವನ್ನು ನೋಡಿಯೂ ಅಲ್ಲಿಗೇ ನಿಲ್ಲಿಸಿದರೇ? ಅವರ ಮುಖದ ಮೇಲಿನ ಬೆಳಕು ಹೋದದ್ದನ್ನು ನಾನು ಎದುರಿನಿಂದ ಕಂಡಿದ್ದೆ. ಆದರೆ ಅದು ಮಟಮಟ ಮಧ್ಯಾಹ್ನ, ಭಾವ ಕೂತದ್ದು ಕಿಟಕಿಯ ಪಕ್ಕ. ಆ ಬಿಸಿಲಲ್ಲಿ ಫೋನಿನ ಬೆಳಕು ಮುಖದ ಮೇಲೆ ಕಂಡದ್ದಾದರೂ ಹೇಗೆ? ಕಂಡೆ ಎಂದು ಆಮೇಲೆ ನಾನೇ ಸೇರಿಸಿಕೊಂಡಿರಬೇಕು. ತಾನಾಗಿ ಆರುವ ಪರದೆ ಮಾಡುವ ದೊಡ್ಡ ಅನ್ಯಾಯ ಇದೇ ಎನಿಸುತ್ತದೆ. ಕಾಣದೆ ಬಿಟ್ಟವರು ಯಾರು, ಕಂಡೂ ಬಿಟ್ಟವರು ಯಾರು ಎಂದು ಬೇರೆ ಮಾಡಲು ಅದು ಬಿಡುವುದಿಲ್ಲ. ಇಬ್ಬರೂ ಫೋನಿನ ಕಡೆಗೆ ಕೈ ತೋರಿಸಿ ತಪ್ಪಿಸಿಕೊಳ್ಳಬಹುದು.

ಬಸ್ಸಿನಲ್ಲೇ ಅವನ ಫೋನು ತೆಗೆದು, ಪರದೆ ಆರದಂತೆ ಮಾಡುವುದು ಎಲ್ಲಿದೆ ಎಂದು ಹುಡುಕಿದೆ. ಅಣ್ಣನ ಫೋನು ಪೂರ್ತಿ ಕನ್ನಡದಲ್ಲಿದೆ. ಅದರಲ್ಲಿ 'ಅವಧಿ ಮೀರುವಿಕೆ' ಎಂದೋ, ಅದಕ್ಕೆ ಹತ್ತಿರದ್ದೇನೋ ಒಂದು ಸಾಲು ಇತ್ತು. ಅವಧಿ ಮೀರುವುದು ಮಾತ್ರೆಗಳಿಗೆ, ರೀಚಾರ್ಜಿಗೆ. ಅದು ನನಗೆ ಸಂಬಂಧಿಸಿದ್ದಲ್ಲ ಎಂದು ದಾಟಿ ಹೋದೆ.

ಹೊಳೆನರಸೀಪುರದಲ್ಲಿ ಇಳಿದು ಬಸ್ ಸ್ಟ್ಯಾಂಡಿನ ಎದುರಿನ ಮೊಬೈಲ್ ಅಂಗಡಿಗೆ ಹೋದೆವು. ಅಂಗಡಿಯವನು ಫೋನು ತೆಗೆದುಕೊಂಡು, "ಮೊದ್ಲು ಇಂಗ್ಲಿಷ್ ಮಾಡ್ಕತೀನಿ ಸಾ. ಕನ್ನಡ್ದಲ್ಲಿ ನಂಗೊಂದೂ ಗೊತ್ತಾಗಕಿಲ್ಲ" ಎಂದ.

"ನೀವು ಈ ಊರಿನವರಲ್ವಾ?"

"ಅಪ್ಪಟ ಇಲ್ಲೀವ್ನೇ ಸಾ. ಆದ್ರೆ ಫೋನಿನ ಕನ್ನಡಾನ ಯಾವೂರಲ್ಲಿ ಮಾತಾಡ್ತಾರೆ ಏಳಿ?"

ಅವನು ಹುಡುಕಿ ತೆಗೆದದ್ದು ನಾನು ದಾಟಿ ಬಂದ ಅದೇ ಸಾಲು. "ಅರ್ಧ ನಿಮಿಷಕ್ಕೆ ಐತೆ. ಇದ್ರಲ್ಲಿ ಅತ್ ನಿಮಿಷುದ್ ಗಂಟ ಇಕ್ಬೋದು" ಎಂದ.

"ಆರದೇ ಇರೋ ಹಾಗೆ ಮಾಡಿ."

"ಯಾವತ್ತೂ ಆರ್ದಂಗೆ ಇದ್ರಲ್ಲಿ ಇಲ್ಲ. ಅದ್ಯಾಕ್ ಸಾ, ಬ್ಯಾಟ್ರಿ ಸಾಯ್ತದೆ."

ಅಣ್ಣ ಫೋನು ಕಿತ್ತುಕೊಂಡು ಬರೆದು ತೋರಿಸಿದ: "ಸಾಯಲಿ."

ಅಂಗಡಿಯವನು ನಕ್ಕು ಹತ್ತು ನಿಮಿಷಕ್ಕೆ ಇಟ್ಟ. ಫೋನನ್ನು ಇಂಗ್ಲಿಷಿನಲ್ಲೇ ಹಿಂದಕ್ಕೆ ಕೊಡಲು ಬಂದ. ಅಣ್ಣ ಕೈ ಚಾಚಲಿಲ್ಲ. ಅದು ಮತ್ತೆ ಕನ್ನಡವಾಗುವವರೆಗೂ ಅಂಗಡಿಯ ಮುಂದಿನಿಂದ ಕದಲಲಿಲ್ಲ. ಅಷ್ಟೂ ತಿಂಗಳು ಹತ್ತು ನಿಮಿಷ ಆ ಫೋನಿನೊಳಗೇ ಇತ್ತು. ಅರ್ಧ ನಿಮಿಷ ಸಾಕು ಎಂದು ಎಲ್ಲೋ ಯಾರೋ ತೀರ್ಮಾನಿಸಿದ್ದರು. ಆ ಮಹಾಶಯರಿಗೆ ಒಂದೇ ಬೆರಳಲ್ಲಿ ಬರೆಯುವ ಅಣ್ಣನೂ ಇರಲಿಲ್ಲ, ಕನ್ನಡಕ ಮರೆತ ಭಾವನೂ ಇರಲಿಲ್ಲ ಎಂದು ಕಾಣುತ್ತದೆ.

ಬುಧವಾರ ನಾನು ರಜೆ ಹಾಕಿ ಅರಕಲಗೂಡಿಗೆ ಹೋದೆ. ಅಣ್ಣ ಮಿಲ್ಲು ಶುರು ಮಾಡಿದ್ದ. ಬೆಲ್ಟು ಪಟಪಟ ಬಡಿಯುತ್ತಿತ್ತು, ಬಾಗಿಲಿಗೆ ಹೋಗುವ ಮೊದಲೇ ಹಿಂಡಿಯ ವಾಸನೆ ಬಂತು. ಭಾವ ಕೊಣನೂರಿನವರನ್ನು ಕರೆದುಕೊಂಡು ಒಳಗೆ ಬಂದು ಜೋರಾಗಿ ಏನೋ ಹೇಳಿದರು. ಒಂದು ಅಕ್ಷರವೂ ಕೇಳಲಿಲ್ಲ. ಅಣ್ಣ ಫೋನು ಅವರ ಕೈಯಲ್ಲಿಟ್ಟ. ಈ ಸಲ ಅವನು ವಾಕ್ಯವನ್ನು ತಲೆಕೆಳಗು ಮಾಡಿದ್ದ: "ಇಲ್ಲ. ಒಪ್ಪಿಗೆ ಇಲ್ಲ. ಮಿಲ್ಲು ನಾನೇ ನಡೆಸ್ತೀನಿ. ಅಕ್ಕನಿಗೆ ದಿನಾ ಮೆಸೇಜ್ ಹಾಕ್ತೀನಿ."

ಭಾವ ಓದಿದರು. ಓದಿ ಮುಗಿದ ಮೇಲೂ ಪರದೆಯನ್ನೇ ನೋಡುತ್ತ ನಿಂತರು. ಆರಲಿ ಎಂದು ಕಾಯುತ್ತಿದ್ದರೋ ಏನೋ. ಅದು ನನ್ನ ಊಹೆ. ಅದು ಆರಲಿಲ್ಲ. ಕೊಣನೂರಿನವರು ಪಕ್ಕದಿಂದ ಬಗ್ಗಿ ತಾವೂ ಓದಿದರು. ಅಣ್ಣ ಹೋಗಿ ಮೋಟರ್ ನಿಲ್ಲಿಸಿದ.

"ಇಲ್ಲ ಅಂದ್ರಲ್ಲ, ಬುಡಿ ಮತ್ತೆ" ಎಂದರು ಕೊಣನೂರಿನವರು. "ಬಲವಂತುದ್ದೇನೈತೆ. ಉಚ್ಚೆಳ್ಳೆಣ್ಣೆ ಐತಾ ಅಣ್ಣಾ? ಮನೇಲಿ ಕೇಳಿದ್ರು."

ಭಾವ ನನ್ನ ಕಡೆ ತಿರುಗಿದರು. "ಅವತ್ತು ಒಪ್ಗೆ ಅಂತ್ಲೇ ಇತ್ತು. ನನ್ನ ಕಣ್ಣಾರೆ ಓದಿವ್ನಿ. ಇದನ್ನ ಬರ್ಸಿರೋನು ನೀನೇ ಕಣಯ್ಯ."

ಅಣ್ಣ ಹಳೆಯ ವಾಕ್ಯವನ್ನು ತೆಗೆದು ತೋರಿಸಿದ. 'ಇಲ್ಲ' ಅಲ್ಲಿಯೇ ಇತ್ತು. "ಆಮೇಲೆ ಸೇರ್ಸಿರಬೋದಲ್ಲ" ಎಂದರು ಭಾವ. ಸೇರಿಸಿಲ್ಲ ಎಂದು ನನಗೆ ಗೊತ್ತು. ಆದರೆ ಅಕ್ಕ ಓದಿದ್ದು ಭಾವ ಓದಿಯಾದ ಮೇಲೆ, ನನ್ನ ಕಣ್ಣು ಬಿಟ್ಟರೆ ಅದಕ್ಕೆ ಬೇರೆ ಸಾಕ್ಷಿಯಿಲ್ಲ. ಆ ಕಣ್ಣು ನಡುಮಧ್ಯಾಹ್ನದಲ್ಲಿ ಫೋನಿನ ಬೆಳಕು ಕಂಡ ಕಣ್ಣು.

ಅಣ್ಣ ಆತುರವಿಲ್ಲದೆ ಇನ್ನೊಂದು ಸಾಲು ಬರೆದು ಭಾವನ ಮುಂದೆ ಹಿಡಿದ: "ಇವತ್ತು ಓದಿದ್ರಲ್ಲ, ಸಾಕು." ಅವರು ಓದಿದರು ಎಂದು ಖಾತ್ರಿಯಾದ ಮೇಲೆ, ಪಕ್ಕದ ಗುಂಡಿ ಒತ್ತಿ ಪರದೆಯನ್ನು ತಾನೇ ಆರಿಸಿದ. ಫೋನನ್ನು ಜೇಬಿಗೆ ಹಾಕಿಕೊಂಡು, ಕೊಣನೂರಿನವರಿಗೆ ಎಣ್ಣೆ ಅಳೆಯಲು ಒಳಗೆ ಹೋದ.