ಮುಂದಿನ ಬುಟ್ಟಿಯ ಗುಂಡುಕಲ್ಲು

ಮಂಡಕ್ಕಿ ಚೀಲ ಹಗುರ ಎನ್ನುವವರನ್ನು ಒಂದು ದಿನ ನನ್ನ ಸೈಕಲ್ ಮೇಲೆ ಕೂರಿಸಬೇಕು. ಅದೂ ಆಷಾಢದಲ್ಲಿ, ಹೊಸದುರ್ಗದಿಂದ ಮಾಡದಕೆರೆಯ ಕಡೆ ಹೋಗುವ ರಸ್ತೆಯಲ್ಲಿ, ಗುಡ್ಡದ ಮೇಲಿನ ಕರೆಂಟು ತೆಗೆಯುವ ಫ್ಯಾನುಗಳು ಬಿಡುವಿಲ್ಲದೆ ತಿರುಗುವಾಗ. ಅಕ್ಕಿ ಮೂಟೆಯಾದರೆ ಹೇರಿದಲ್ಲಿ ಕೂರುತ್ತದೆ. ಮಂಡಕ್ಕಿಗೆ ಆ ಮರ್ಯಾದೆ ಇಲ್ಲ. ತೂಕ ಕೈಬೆರಳಲ್ಲಿ ಎತ್ತುವಷ್ಟು, ಗಾತ್ರ ಮಾತ್ರ ಆಳೆತ್ತರ. ಗಾಳಿ ಬೀಸಿದರೆ ಅದು ಒಂದು ಕಡೆ, ನಾನು ಒಂದು ಕಡೆ. ಹಿಂದೆ ಏನಾಗುತ್ತಿದೆ ಎಂದು ತಿರುಗಿ ನೋಡಿದರೆ ಹ್ಯಾಂಡಲ್ಲೂ ತಿರುಗುತ್ತದೆ. ನೋಡದೆ ಇದ್ದರೆ ನನಗೆ ಜೀವ ನಿಲ್ಲುವುದಿಲ್ಲ.

ಸೈಕಲ್ ಮಗಳದು. ಹೈಸ್ಕೂಲಿನಲ್ಲಿ ಸರ್ಕಾರದವರು ಕೊಟ್ಟಿದ್ದು. ಅವಳು ಕಾಲೇಜಿಗೆ ಬಸ್ಸು ಹತ್ತಿದ ಮೇಲೆ ಅದು ಗೋಡೆಗೆ ಒರಗಿ ನಿಂತಿತ್ತು. ಸುಮ್ಮನೆ ನಿಂತ ವಸ್ತು ಕಂಡರೆ ನನಗೆ ಮೈ ಉರಿಯುತ್ತದೆ. ವೆಲ್ಡಿಂಗ್ ಅಂಗಡಿಗೆ ಒಯ್ದು ಹಿಂದಕ್ಕೆ ಅಗಲವಾದ ಕ್ಯಾರಿಯರ್ ಮಾಡಿಸಿದೆ. ಮುಂದಿನ ತಂತಿ ಬುಟ್ಟಿಯ ಕೆಳಗೆ ಎರಡು ಕಬ್ಬಿಣದ ಪಟ್ಟಿ ಹಾಕಿಸಿದೆ. ಭಟ್ಟಿಯಿಂದ ಮಂಡಕ್ಕಿ ಎತ್ತಿಕೊಂಡು ದಾರಿಯ ಊರುಗಳ ಟೀ ಅಂಗಡಿ, ಮಿರ್ಚಿ ಅಂಗಡಿಗಳಿಗೆ ಹಾಕಿ ಬರುವುದು ನನ್ನ ಕೆಲಸ. ಲಗೇಜ್ ಆಟೋದಲ್ಲಿ ಕಳಿಸಬಾರದೇ ಎಂದು ಮನೆಯವರು ಆಗಾಗ ಕೇಳುತ್ತಾರೆ. ಕಳಿಸಿ ನಾನೇನು ಮಾಡಲಿ, ಇವರ ಮುಖ ನೋಡುತ್ತಾ ಕೂರಲೇ?

"ನಿನ್ನ ಕಾಲಾಗೆ ಚಕ್ರ ಐತೆ ಕಣೇ, ಒಂದ್ಗಳಿಗೆ ಕುಂತ್ಕಳ್ಳೇ" ಎಂದು ಅವ್ವ ಬದುಕಿರುವ ತನಕ ಬೈದಳು. ಹೋದ ವರ್ಷ ಅವಳು ತೀರಿಹೋದ ದಿನವೂ ನಾನು ಕೂರಲಿಲ್ಲ. ಬಂದವರಿಗೆ ನೀರು, ಚಾಪೆ, ಹೂವು, ಅಕ್ಕಿ, ಸೌದೆ ಎಂದು ಓಡಾಡಿದೆ. ಅಕ್ಕಂದಿರೆಲ್ಲ "ಅವ್ವಾ, ಅವ್ವಾ" ಎಂದು ಕರೆದು ಕರೆದು ಅತ್ತರು. ನನಗೆ ಅದು ಬಾಯಿಗೆ ಬರಲಿಲ್ಲ. ಕರೆದರೆ ಓ ಅನ್ನುವವರಿಲ್ಲದ ಮೇಲೆ ಯಾಕೆ ಕರೆಯಬೇಕು ಎಂಬ ಸಿಟ್ಟು. ಆ ಸಿಟ್ಟು ಅಲ್ಲಿಗೇ ನಿಲ್ಲಲಿಲ್ಲ. ಆಮೇಲೆ ಅವ್ವಾ ಎಂಬ ಆ ಮಾತನ್ನು ನಾನು ಒಮ್ಮೆಯೂ ಕೂಗಿ ಆಡಿರಲಿಲ್ಲ.

ಅವ್ವನ ಅಡುಗೆಮನೆಗೆ ನನ್ನ ತಮ್ಮ ಟೈಲ್ಸ್ ಹಾಕಿಸಿದಾಗ ನೆಲದಲ್ಲಿ ಹೂತಿದ್ದ ಒರಳು ಒಡೆದು ಹೋಯಿತು. ಅದರ ರುಬ್ಬುಗುಂಡು ಬಚ್ಚಲ ಪಕ್ಕ ಅನಾಥವಾಗಿ ಬಿದ್ದಿತ್ತು. ಕರಿಕಲ್ಲು, ಸಣ್ಣ ಒರಳಿನದು, ಅಡಿ ಅಗಲ, ಮೇಲೆ ಕಿರಿದು. ಹಿಡಿಯುವ ಜಾಗದಲ್ಲಿ ಅವ್ವನ ಅಂಗೈ ಸವೆಸಿ ಸವೆಸಿ ಒಂದು ಕಡೆ ತಗ್ಗಾಗಿತ್ತು. ನನ್ನ ಅಂಗೈ ಇಟ್ಟರೆ ಸರಿಯಾಗಿ ಕೂರುತ್ತಿತ್ತು. ಅದನ್ನು ತಂದು ಸೈಕಲ್ಲಿನ ಮುಂದಿನ ಬುಟ್ಟಿಯಲ್ಲಿಟ್ಟೆ. ಹಿಂದಿನ ಚೀಲಕ್ಕೆ ಗಾಳಿ ಬಡಿದಾಗ ಮುಂದಿನ ಚಕ್ರ ಹುಚ್ಚು ಹಿಡಿದಂತೆ ಆಡುತ್ತಿತ್ತಲ್ಲ, ಗುಂಡು ಕೂತ ದಿನದಿಂದ ತೆಪ್ಪಗಾಯಿತು. ಏರಿನಲ್ಲಿ ಒಂದು ಕೈ ಬಿಟ್ಟು ಅದರ ಮೇಲೆ ಇಡುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ.

ಈ ಆಷಾಢಕ್ಕೆ ಮುಂಚೆ, ಆ ದಾರಿಯ ಒಂದು ಊರಿನ ಮಿರ್ಚಿ ಅಂಗಡಿಯಾಕೆ ನನಗೆ ಹಲಸಿನಹಣ್ಣು ಕೊಟ್ಟಳು. ಕ್ಯಾರಿಯರ್ ಮೇಲೆ ಕಟ್ಟಿದರೆ ಹಣ್ಣು ಒಡೆದೀತು, ಗುಂಡು ಜಾರೀತು. ಬುಟ್ಟಿಯಲ್ಲಿ ಒಂದೋ ಹಣ್ಣು, ಇಲ್ಲವೇ ಗುಂಡು. ಹಣ್ಣಿನ ವಾಸನೆಗೆ ಸೋತೆ. ಹಿಂದಿನ ಚೀಲ ಖಾಲಿಯಾಗಿತ್ತು, ವಾಪಸ್ಸು ಹೋಗಲು ಗುಂಡಿನ ಅಗತ್ಯವೂ ಇರಲಿಲ್ಲ. ನಾಳೆ ಬಂದಾಗ ಎತ್ತಿಕೊಂಡರಾಯಿತು ಎಂದು ಊರ ಹೊರಗಿನ ಬೇವಿನಮರದ ಕಟ್ಟೆಯ ಮೇಲೆ ಇಟ್ಟೆ. ಇಡುವ ಮುಂಚೆ ನಲ್ಲಿಯ ಹತ್ತಿರ ಒಯ್ದು ತೊಳೆದೆ. ರುಬ್ಬುವ ಕಲ್ಲನ್ನು ತೊಳೆಯದೆ ಬಿಡಬಾರದು ಎಂಬುದು ಅವ್ವನ ಕಾಯಿದೆ. ಉರುಳಿ ಯಾರ ಕಾಲ ಮೇಲಾದರೂ ಬಿದ್ದೀತೆಂದು ಬುಡಕ್ಕೆ ಒರಗಿಸಿ ನೆಟ್ಟಗೆ ನಿಲ್ಲಿಸಿದೆ. ಮಿಂದ ಕರಿಕಲ್ಲು, ಬೇವಿನ ಬುಡ, ಪೂರ್ವದ ಮುಖ. ನಮ್ಮ ಸೀಮೆಯಲ್ಲಿ ಹುಟ್ಟಿ ಬೆಳೆದವಳು ನಾನು, ನನಗೆ ತಿಳಿಯಬೇಡವೇ!

ಮಾರನೆಯ ದಿನ ಗಾಳಿ ಮಳೆ ಹಿಡಿಯಿತು. ಮಂಡಕ್ಕಿ ಹೊರಗೆ ತೆಗೆಯುವ ಹಾಗಿರಲಿಲ್ಲ, ಮೆತ್ತಗಾದರೆ ಅಂಗಡಿಯವರು ಮುಟ್ಟುವುದಿಲ್ಲ. ಮಳೆ ಬಿಡುವು ಕೊಟ್ಟ ಮೇಲೆ ಹೋಗಿ ನೋಡುತ್ತೇನೆ, ಗುಂಡಿನ ಮೇಲೆ ವಿಭೂತಿಯ ಪಟ್ಟೆ ಎದ್ದಿದೆ! ನಡುವೆ ಕುಂಕುಮ, ನೆತ್ತಿಗೆ ಕಣಗಲೆ, ಮುಂದೆ ಒಡೆದ ತೆಂಗಿನಕಾಯಿಯ ಹೋಳು.

ಕಟ್ಟೆಯ ಎದುರಿಗೆ ಟೀ ಅಂಗಡಿ. ಅಲ್ಲಿಗೂ ಮಂಡಕ್ಕಿ ಹಾಕುವವಳು ನಾನೇ.

"ಅಣ್ಣ, ಅದು ನಂದು. ಬುಟ್ಟಿಯಾಗಿಂದ ನಾನೇ ಇಟ್ಟಿದ್ದು" ಎಂದೆ.

"ಮೆಲ್ಲಗೆ ಮಾತಾಡಕ್ಕ" ಎಂದ ಅವನು, ಹಾಲಿನ ಪಾತ್ರೆಯಿಂದ ಕಣ್ಣು ಎತ್ತದೆ. "ತಾನಾಗೇ ಬಂದೈತೆ ಅಂತಾರೆ. ಮಳೆನೂ ಅದ್ರ ಹಿಂದೇನೇ ಬಂತಲ್ಲ."

"ತಾನಾಗೇ ಬರಾಕೆ ಅದ್ಕೇನು ಕಾಲು ಐತಾ?"

"ಅದ್ನ ನನ್ನ ಕೇಳಿದ್ರೆ? ಹೋಗಿ ಅವರನ್ನ ಕೇಳ್ರಿ" ಎಂದು ಕಟ್ಟೆಯ ಕಡೆ ಗದ್ದ ಎತ್ತಿ ತೋರಿಸಿದ. ಅಲ್ಲಿ ಮುದುಕರೊಬ್ಬರು ಕಣ್ಣು ಮುಚ್ಚಿ ನಿಂತಿದ್ದರು. ಕಣ್ಣು ಮುಚ್ಚಿದವರನ್ನು ಏನು ಕೇಳುವುದು?

ಅಂದಿನಿಂದ ನನಗೆ ನೆಮ್ಮದಿ ಕೆಟ್ಟಿತು. ಬುಟ್ಟಿಯಲ್ಲಿ ಇಟ್ಟಿಗೆ ಇಟ್ಟು ನೋಡಿದೆ. ಹಳ್ಳ ಬಂದಾಗಲೆಲ್ಲ ಎಗರಿ ತಂತಿ ಬಗ್ಗಿಸಿತು. ಮರಳಿನ ಚೀಲ ಇಟ್ಟೆ. ತೂತಾಗಿ ದಾರಿಯುದ್ದಕ್ಕೂ ಸೋರಿತು. ಒಮ್ಮೆ ಲಾರಿಯ ಗಾಳಿಗೆ ಚೀಲದ ಸಮೇತ ಜಾಲಿಯ ಬೇಲಿಗೆ ಬಿದ್ದು, ಮಂಡಕ್ಕಿ ಹೊಲದ ತುಂಬಾ ಹಾರಿತು. ಮೊಣಕೈ ತರಚಿದ್ದಕ್ಕಿಂತ, ಬೀಳುವಾಗ ಎಡಗೈ ತಾನಾಗಿ ಗುಂಡನ್ನು ಹುಡುಕಿತಲ್ಲ, ಅದು ನೋಯಿತು. ವಾರ ವಾರಕ್ಕೂ ಕಟ್ಟೆಯಲ್ಲಿ ಏನಾದರೂ ಹೊಸದು. ಒಂದು ದೀಪ. ಒಂದು ಹಸಿರು ಬಳೆ. ಆಮೇಲೆ ಸುತ್ತ ಮೂರು ಸಾಲು ಕಲ್ಲು. ಅವ್ವನ ಅಂಗೈ ಸವೆಸಿದ ತಗ್ಗಿನಲ್ಲಿ ಕುಂಕುಮ ಗಟ್ಟಿ ಕಟ್ಟಿತ್ತು. ಇನ್ನೊಂದು ತಿಂಗಳು ಬಿಟ್ಟರೆ ಸಿಮೆಂಟು ಹಾಕುತ್ತಾರೆ, ಆಮೇಲೆ ಅಲುಗಾಡಿಸಲೂ ಆಗುವುದಿಲ್ಲ. ಅವ್ವನದು ಎಂದು ನನ್ನ ಪಾಲಿಗೆ ಉಳಿದದ್ದು ಅದೊಂದೇ. ತಗೊಂಡೇ ಹೋಗಬೇಕು ಎಂದು ಹಟ ಹಿಡಿಯಿತು.

ಒಂದು ಮಧ್ಯಾಹ್ನ ಚೀಲಗಳನ್ನು ಖಾಲಿ ಮಾಡಿ ಬರುವಾಗ ಟೀ ಅಂಗಡಿಯ ಬಾಗಿಲು ಹಾಕಿತ್ತು. ಕಟ್ಟೆಯಲ್ಲಿ ಒಂದು ನಾಯಿ ಬಿಟ್ಟರೆ ಯಾರೂ ಇಲ್ಲ. ಸೈಕಲ್ ಸ್ಟ್ಯಾಂಡ್ ಹಾಕಿ, ಸೆರಗು ಸಿಕ್ಕಿಸಿ, ಹೂವು ತೆಗೆದು ಪಕ್ಕಕ್ಕಿಟ್ಟೆ. ಎರಡೂ ಕೈಯಿಂದ ಗುಂಡು ಎತ್ತಿ ಎದೆಗೆ ಒತ್ತಿಕೊಂಡು ತಿರುಗಿದರೆ, ಎದುರಿಗೆ ನನ್ನದೇ ವಯಸ್ಸಿನ ಹೆಂಗಸು. ಒಂದು ಕೈಯಲ್ಲಿ ತಂಬಿಗೆ, ಇನ್ನೊಂದರಲ್ಲಿ ಉಬ್ಬಿದ ಬಟ್ಟೆಯ ಬ್ಯಾಗು.

"ಏನ್ ಮಾಡ್ತಿದೀರಿ?"

ಸುಳ್ಳು ಹೇಳಲು ಹೊಳೆಯಲಿಲ್ಲ. "ಇದು ದೇವರಲ್ಲ ಕಣ್ರಿ. ನಮ್ಮವ್ವನ ರುಬ್ಬುಗುಂಡು. ಸೈಕಲ್ಲಿನ ಬುಟ್ಟಿಯಾಗೆ ಇಟ್ಕಂಡಿದ್ದೆ. ಒಯ್ತೀನಿ."

ಕೂಗಾಡುತ್ತಾಳೆ, ಊರು ಸೇರಿಸುತ್ತಾಳೆ ಎಂದುಕೊಂಡೆ. ಅವಳು ನನ್ನನ್ನೂ ಗುಂಡನ್ನೂ ನೋಡಿದಳು.

"ಎಲ್ಲವ್ರೆ ನಿಮ್ಮವ್ವ?"

"ಹೋದ್ಲು. ಹೋದ ವರ್ಷ."

"ಎಷ್ಟು ಜನ ನೀವು?"

"ಐದು ಜನ. ಎಲ್ಲಾ ಮನೇಲೇ ಹೆತ್ತಿದ್ದು."

"ಹಂಗಾರೆ ಆಕೆಗೆ ಗೊತ್ತಿರ್ತೈತೆ" ಎಂದಳು. "ನನ್ನ ಮಗಳು ಹೊಸದುರ್ಗದ ಆಸ್ಪತ್ರೆಯಾಗವ್ಳೆ. ಬೆಳಗಿಂದ ನೋವು ತಿಂತಾವ್ಳೆ, ಇನ್ನೂ ಆಗಿಲ್ಲ ಅಂತ ಅಳಿಯ ಫೋನ್ ಮಾಡಿದ್ದ. ಸಲೀಸಾಗ್ಲಿ ಅಂತ ನೀರು ಹಾಕಿ ಹೋಗಾಣ ಅಂತ ಬಂದೆ. ನಿಮ್ಮವ್ವ ಅಂತೀರಲ್ಲ, ನೀವೇ ಒಂದು ಮಾತು ಕೇಳ್ರಿ. ನನ್ನ ಮಾತಿಗಿಂತ ನಿಮ್ಮ ಮಾತು ಬೇಗ ಕೇಳ್ತಾಳೆ."

ಗುಂಡು ಎದೆಯ ಮೇಲೆ ಭಾರವಾಯಿತು. ಜಗಳವಾಡಲು ತಯಾರಾಗಿ ಬಂದವಳು ನಾನು. "ಬಸ್ಸು?" ಎಂದೆ, ಮಾತು ತಪ್ಪಿಸಲು. ಆಗಲೇ ಹೋಯಿತಂತೆ, ಇನ್ನೊಂದು ಬರುವುದು ಸಂಜೆಗಂತೆ.

"ನನ್ನ ಕ್ಯಾರಿಯರ್ ಅಗಲ ಐತೆ, ಹತ್ರಿ."

ಅವಳು ಎರಡೂ ಕೈಯಿಂದ ಸೀಟು ಹಿಡಿಯಬೇಕು, ಬ್ಯಾಗನ್ನು ಮುಂದಿಡದೆ ಗತಿಯಿಲ್ಲ. ಅದರೊಳಗೆ ಬಾಣಂತಿಗೆ ಹಳೆಯ ಸೀರೆಯ ತುಂಡು, ಬಿಸಿನೀರಿನ ಫ್ಲಾಸ್ಕು, ಗಂಜಿಯ ಡಬ್ಬಿ. ಬುಟ್ಟಿ ನೋಡಿದೆ, ಕೈಯಲ್ಲಿದ್ದ ಗುಂಡು ನೋಡಿದೆ. ಮತ್ತೆ ಅದೇ ಲೆಕ್ಕ: ಒಂದೋ ಅದು, ಇಲ್ಲವೇ ಇದು. ನನಗೆ ಅಳು ಬರುವಷ್ಟು ಸಿಟ್ಟು ಬಂತು. ಗುಂಡನ್ನು ಮೊದಲಿದ್ದ ಜಾಗದಲ್ಲೇ ನೆಟ್ಟಗೆ ನಿಲ್ಲಿಸಿದೆ. ಅವಳು ತಂಬಿಗೆಯ ನೀರು ಹಾಕಿದಳು. ತೆಗೆದಿಟ್ಟಿದ್ದ ಹೂವನ್ನು ನಾನೇ ಎತ್ತಿ ಮುಡಿಸಿದೆ.

ಆಸ್ಪತ್ರೆಯಲ್ಲಿ ಏನಾಯಿತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಕಾಯುವುದೂ ಕಾಯಿಸುವುದೂ ನನ್ನಿಂದಾಗದು. ಹೆಣ್ಣು ಮಗು. ತಾಯಿ, ಮಗು ಇಬ್ಬರೂ ಕ್ಷೇಮ. ನಾವು ಇನ್ನೂ ದಾರಿಯಲ್ಲಿದ್ದಾಗಲೇ ಆಗಿತ್ತಂತೆ. ಆದರೆ ದಾರಿಯಲ್ಲಿ ನಮಗೆ ಅದು ಗೊತ್ತಿರಲಿಲ್ಲ.

ಎದುರುಗಾಳಿ. ಫ್ಯಾನುಗಳು ಗುಡ್ಡದ ಮೇಲೆ ಗರಗರ ತಿರುಗುತ್ತಿದ್ದವು. ಹಿಂದೆ ಆಳಿನ ಭಾರ, ಮುಂದೆ ಬಾಣಂತಿಯ ಬ್ಯಾಗು, ನನ್ನ ತೊಡೆ ಬಿರಿಯುತ್ತಿತ್ತು. ಅವಳದು ಒಂದೇ ರಾಗ.

"ಕೇಳಿದ್ರಾ?"

"ಕೇಳ್ತೀನಿ, ಇರ್ರಿ. ಈ ಏರು ಹತ್ಲಿ."

ಏರು ಹತ್ತಿತು. "ಈಗ ಕೇಳಿದ್ರಾ?"

"ಮನಸ್ನಾಗೆ ಕೇಳಿದೆ."

"ಮನಸ್ನಾಗೆ ಅಲ್ಲ. ಬಾಯಿಬಿಟ್ಟು ಕೇಳ್ರಿ. ಮನೇಲಿ ಹೆಂಗೆ ಕರೀತಿದ್ರಿ, ಹಂಗೆ."

ಮನೆಯಲ್ಲಿ ನಾನು ಬೀದಿಯ ತುದಿಯಿಂದಲೇ ಕೂಗುತ್ತಿದ್ದೆ. ಅವ್ವ ರುಬ್ಬುತ್ತಾ ಕೂತಲ್ಲಿಂದಲೇ ಓ ಅನ್ನುತ್ತಿದ್ದಳು. ಸೈಕಲ್ ನಿಲ್ಲಿಸಿದರೆ ಮತ್ತೆ ಹತ್ತಲಾರೆ ಎಂದು ಗೊತ್ತಿತ್ತು. ತುಳಿಯುತ್ತಲೇ ಇದ್ದೆ. ಎಡಗೈ ಬುಟ್ಟಿಗೆ ಹೋಯಿತು, ಹಳೆಯ ಸೀರೆಯ ಮೆತ್ತಗಿನ ಗಂಟಿನ ಮೇಲೆ ಕೂತಿತು.

"ಅವ್ವಾ!" ಎಂದು ಕೂಗಿದೆ.

ಕೂಗಿದ ಮೇಲೆ ಏನು ಕೇಳಬೇಕಿತ್ತು ಎಂಬುದೇ ಮರೆತುಹೋಯಿತು. ಕಣ್ಣು ಮಂಜಾಗಿ ರಸ್ತೆ ಕಾಣಲಿಲ್ಲ. ಮತ್ತೊಮ್ಮೆ, ಎದೆ ಬಿರಿಯುವ ಹಾಗೆ, "ಅವ್ವಾ!" ಎಂದೆ.

ಹಿಂದಿನಿಂದ, ಕ್ಯಾರಿಯರ್ ಮೇಲಿಂದ, ಆ ಹೆಂಗಸು "ಓ" ಎಂದಳು.