ನೀಲಿ ಬಳಿದ ಬಯಲು

ನಕ್ಷೆಯಲ್ಲಿ ಆ ಬಯಲಿಗೆ ನಾನು ಹಸಿರು ಬಣ್ಣ ಬಳಿದೆ ಎಂದೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೆ. ಮೊನ್ನೆ ಹಳೆಯ ದಿನಚರಿ ತೆಗೆದು ನೋಡಿದರೆ, ‘ಹಸಿರು ಪೆನ್ಸಿಲು ಮುಗಿದಿತ್ತು, ನೀಲಿಯನ್ನೇ ಬಳಿದೆ’ ಎಂದು ನನ್ನದೇ ಅಕ್ಷರದಲ್ಲಿ ಇದೆ. ಬಣ್ಣವೇ ತಪ್ಪಿದ ಮೇಲೆ ಉಳಿದದ್ದನ್ನು ಎಷ್ಟು ನಂಬಬಹುದು? ಹಾಗಾಗಿ ಇಲ್ಲಿ ಬರೆಯುವುದರಲ್ಲಿ ಕೆಲವು ವಿವರ ತಪ್ಪಿರಬಹುದು. ಅತ್ತೆ ಆಮೇಲೆ ಹೊರಗೆ ನಡೆಯಲಿಲ್ಲ ಎಂಬುದರಲ್ಲಿ ಮಾತ್ರ ತಪ್ಪಿಲ್ಲ.

ಅತ್ತೆ ಎಂದರೆ ಅಪ್ಪನ ಅಕ್ಕ. ಹನ್ನೆರಡಕ್ಕೋ ಹದಿಮೂರಕ್ಕೋ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ತಲೆ ಬೋಳಿಸಿಕೊಂಡು ಕೆಂಪು ಸೀರೆ ಉಟ್ಟವರು ಕೆಲಸಕ್ಕೆ ಹೊರಟವರ ಎದುರಿಗೆ ಬರಬಾರದು ಎಂಬುದು ಆಗ ನಮ್ಮಂಥ ಮನೆಗಳಲ್ಲಿ ಯಾರೂ ಪ್ರಶ್ನಿಸದ ಕ್ರಮ. ನಾನೂ ಪ್ರಶ್ನಿಸಲಿಲ್ಲ. ಬಿ.ಎ. ಓದಿದ ಮೇಲೂ.

ನಮ್ಮ ಮನೆ ಪುತ್ತೂರು ಪೇಟೆಯ ಅಂಚಿನಲ್ಲಿ, ನರಿಮೊಗರಿನ ದಾರಿಯಲ್ಲಿತ್ತು. ಹಿಂದೆ ಮಳೆನೀರಿಗೆ ಒಂದೇ ಬೆಳೆ ಕೊಡುವ ಬೆಟ್ಟುಗದ್ದೆ. ಅದರಾಚೆ ಮುರಕಲ್ಲಿನ ಗುಡ್ಡೆ, ಮೇಲೆ ಸಮತಟ್ಟು. ಅತ್ತೆ ದಿನಾ ನಡೆಯುತ್ತಿದ್ದುದು ಅಲ್ಲೇ. ಬಯಲಾದ್ದರಿಂದ ಬರುವವರು ದೂರದಿಂದಲೇ ಕಾಣುತ್ತಿದ್ದರು. ಯಾರಾದರೂ ಚೀಲ ಹಿಡಿದು ಪೇಟೆಗೆ ಹೊರಟದ್ದು ಕಂಡರೆ ಅತ್ತೆ ಕೇಪಳದ ಪೊದೆಯ ಬದಿಗೆ ಸರಿದು, ಬೆನ್ನು ಹಾಕಿ, ಹೂ ಕೊಯ್ಯುವವರಂತೆ ನಿಲ್ಲುತ್ತಿದ್ದರು. ಅವರು ದಾಟಿದ ಮೇಲೆ ಮತ್ತೆ ನಡಿಗೆ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ.

“ನನ್ನನ್ನು ಕಂಡರೆ ಹೊರಟ ಬಸ್ಸು ಕೂಡ ಹಾಳಾಗ್ತದಂತೆ ಮಾರಾಯ್ತಿ,” ಎಂದು ಅತ್ತೆ ನನ್ನ ಹತ್ತಿರ ನಗುತ್ತಿದ್ದರು. “ಆ ಬಸ್ಸು ದಿನಾ ಸವಣೂರಿನಲ್ಲಿ ಕೆಟ್ಟು ನಿಲ್ತದಲ್ಲ, ಅಲ್ಲಿಗೆ ಯಾರು ಎದುರು ಹೋದದ್ದು?”

ನಾನು ಮೈಸೂರಿನಲ್ಲಿ ಓದು ಮುಗಿಸಿ ಬಂದ ವರ್ಷ, ಅರುವತ್ತರ ಆಚೀಚೆ, ಅಪ್ಪ ಗದ್ದೆಯನ್ನು ಮನೆ ಸೈಟುಗಳಾಗಿ ಮಾಡಿ ಕೊಡುವುದೆಂದು ನಿಶ್ಚಯಿಸಿದರು. ಶಾಲೆಯ ಮಾಸ್ತರರು, ಕೋರ್ಟಿನ ಗುಮಾಸ್ತರು ಕೇಳುತ್ತಲೇ ಇದ್ದರು. ಅರ್ಜಿ ಹಾಕಿದಾಗ ಪಂಚಾಯತಿನಿಂದ ಇಂಗ್ಲಿಷಿನಲ್ಲಿ ಟೈಪು ಮಾಡಿದ ಎರಡು ಹಾಳೆಯ ನಿಯಮ ಬಂತು. ಜಾಗವನ್ನೆಲ್ಲ ಮನೆಗಳಿಂದ ತುಂಬಿಸುವ ಹಾಗಿಲ್ಲ. ಒಂದು ಭಾಗವನ್ನು ಎಂದೆಂದಿಗೂ ಬಯಲಾಗಿ ಬಿಡಬೇಕು. ಅದನ್ನು ನಕ್ಷೆಯಲ್ಲಿ ಬಣ್ಣ ಬಳಿದು ತೋರಿಸಬೇಕು. ಓದಿ ಹೇಳುವ ಕೆಲಸ ನನ್ನದು. ನಕ್ಷೆ ಬರೆಯುವುದು ಚಿಕ್ಕಪ್ಪನದು. ಅವರು ಸರ್ವೆಯವರ ಜೊತೆ ಕೆಲಸ ಕಲಿತವರು.

ಅಪ್ಪನಿಗೆ ಆ ನಿಯಮ ಇಷ್ಟವಾಯಿತು. “ಗದ್ದೆಯ ನಡುಭಾಗ ಬಿಡುವ,” ಎಂದರು. “ಅಕ್ಕನಿಗೂ ಆಯಿತು, ಮಕ್ಕಳಿಗೂ ಆಯಿತು.”

“ನಡುವಿನ ಒಳ್ಳೆ ಜಾಗ ಎಂತಕ್ಕೆ ಹಾಳು ಮಾಡುದು ಅಣ್ಣ? ಮೇಲೆ ಗುಡ್ಡೆಯಲ್ಲಿ ಅಷ್ಟಗಲ ಉಂಟಲ್ಲ, ನಮ್ಮ ಕುಮ್ಕಿ. ಅದನ್ನೇ ತೋರಿಸುವ,” ಎಂದರು ಚಿಕ್ಕಪ್ಪ.

ಕುಮ್ಕಿ ಎಂದರೆ ಸರ್ಕಾರದ ಜಾಗ. ಅದಕ್ಕೆ ತಾಗಿ ಕೃಷಿ ಜಾಗ ಇರುವವರು ಅಲ್ಲಿ ಸೊಪ್ಪು ಸವರಬಹುದು, ತರಗೆಲೆ ಗುಡಿಸಬಹುದು, ದನ ಮೇಯಿಸಬಹುದು. ಅಷ್ಟೇ ಹಕ್ಕು. ಆದರೆ ಅಜ್ಜನ ಕಾಲದಿಂದ ಸೊಪ್ಪು ತಂದ ಗುಡ್ಡೆಯನ್ನು ಯಾರೂ ಸರ್ಕಾರದ್ದು ಅನ್ನುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅದು ‘ನಮ್ಮ ಕುಮ್ಕಿ’.

ಅಪ್ಪ ಒಳಗಿನ ಬಾಗಿಲಿನ ಕಡೆ ತಿರುಗಿ, “ಅಕ್ಕ, ಗುಡ್ಡೆ ಆದರೆ ಸಾಕಾ?” ಎಂದರು.

“ನನಗೆ ಬಾಗಿಲು ಇಲ್ಲದ ಜಾಗ ಒಂದು ಇದ್ದರೆ ಆಯಿತು,” ಎಂದು ಅತ್ತೆ ಒಳಗಿನಿಂದಲೇ ಹೇಳಿದರು. “ಮನೆ ಬಂದರೆ ಬಾಗಿಲು ಬರ್ತದೆ. ಬಾಗಿಲು ಇದ್ದಲ್ಲಿ ಯಾರಾದರೂ ಹೊರಡುವವರು ಇದ್ದೇ ಇರ್ತಾರೆ.”

ಚಿಕ್ಕಪ್ಪ ಗೆರೆ ಎಳೆದರು. ನಾನು ಬಣ್ಣ ಬಳಿದು, ‘ಸಾರ್ವಜನಿಕ ಬಯಲು’ ಎಂದು ದುಂಡಗೆ ಬರೆದೆ. ಪಂಚಾಯತಿನಲ್ಲಿ ಯಾರೂ ತಕರಾರು ಮಾಡಲಿಲ್ಲ. ಸಹಿ ಹಾಕಿದವರ ಮನೆಗಳಿಗೂ ಕುಮ್ಕಿ ಇತ್ತು.

ಮೊದಲು ಗದ್ದೆಯಲ್ಲಿ ಮನೆಗಳೆದ್ದವು. ನಡುವೆ ಒಂದು ಓಣಿ, ಓಣಿಗೆ ಎರಡೂ ಕಡೆಯಿಂದ ಬಾಗಿಲು. ಅತ್ತೆ ಇನ್ನೂ ಮಬ್ಬಿರುವಾಗಲೇ ಓಣಿ ದಾಟಿ ಗುಡ್ಡೆ ಸೇರುತ್ತಿದ್ದರು, ಊರು ಕಚೇರಿಗೆ ಹೋದ ಮೇಲೆ ಇಳಿಯುತ್ತಿದ್ದರು. ಎರಡು ವರ್ಷವೋ ಮೂರೋ ಹಾಗೆ ನಡೆಯಿತು.

ಆಮೇಲೆ ಒಂದು ದಿನ ಶಾನುಭೋಗರು ಅಳತೆಯ ಸರಪಳಿ ಹಿಡಿದವರ ಜೊತೆ ಗುಡ್ಡೆ ಹತ್ತಿದರು. ಜಾಗವಿಲ್ಲದ ಕೆಲವು ಮನೆಯವರು ಸರ್ಕಾರದ ಜಾಗ ಕೇಳಿ ದರ್ಖಾಸ್ತು ಕೊಟ್ಟಿದ್ದರು, ಅದು ಮಂಜೂರಾಗಿತ್ತು. ಅಪ್ಪ ನಕ್ಷೆ ಹಿಡಿದುಕೊಂಡು ಓಡಿದರು. ನಾನೂ ಹಿಂದೆ ಹೋದೆ.

ಶಾನುಭೋಗರು ನಕ್ಷೆ ಬಿಡಿಸಿ ನೋಡಿ ನಕ್ಕರು. “ಎಂತ ಮಾರಾಯ್ರೆ, ಸರ್ಕಾರದ ಜಾಗವನ್ನು ನೀವು ಸರ್ಕಾರಕ್ಕೇ ಬಿಟ್ಟುಕೊಟ್ಟದ್ದಾ?”

ಅಪ್ಪ ನಗಲಿಲ್ಲ. ನಕ್ಷೆಯನ್ನು ಮೊದಲಿನ ಮಡಿಕೆಗೇ ಸರಿಯಾಗಿ ಮಡಚಲು ತುಂಬ ಹೊತ್ತು ತೆಗೆದುಕೊಂಡರು.

ಗುಡ್ಡೆಯ ಮೇಲೆ ಆರು ಮುಳಿಹುಲ್ಲಿನ ಮನೆಗಳು ಬಂದವು. ಆ ಜನರ ಮೇಲೆ ಸಿಟ್ಟಾಗಲು ನನಗೆ ಬಾಯಿಲ್ಲ. ಅವರಿಗೆ ತಲೆಯ ಮೇಲೆ ಸೂರು ಇರಲಿಲ್ಲ. ನಮಗೆ ಗದ್ದೆಯ ನಡುಭಾಗ ಬಿಡಲು ಮನಸ್ಸಿರಲಿಲ್ಲ.

ಅತ್ತೆ ಓಣಿಯಲ್ಲೇ ನಡೆಯಲು ನೋಡಿದರು. ಮಾಸ್ತರರ ಹೆಂಡತಿ, “ಬನ್ನಿ ಅಮ್ಮ, ನಾವು ಅದೆಲ್ಲ ನೋಡುದಿಲ್ಲ,” ಎಂದು ಕರೆದದ್ದೂ ಉಂಟು. ಆದರೆ ಒಂದು ಬೆಳಿಗ್ಗೆ ಎದುರುಮನೆಯ ಗುಮಾಸ್ತರು ಯಾವುದೋ ಪರೀಕ್ಷೆಗೆಂದು ಮಂಗಳೂರಿಗೆ ಹೊರಟವರು ಅತ್ತೆಯನ್ನು ಕಂಡು ನಿಂತರು. ಚಪ್ಪಲಿ ಬಿಟ್ಟು ಒಳಗೆ ಹೋಗಿ, ನೀರು ಕುಡಿದು, ಸ್ವಲ್ಪ ಕೂತು, ಮತ್ತೆ ಹೊರಟರು. ಅಷ್ಟರವರೆಗೂ ಅತ್ತೆ ಬೇಲಿಗೆ ಮುಖ ಮಾಡಿ ನಿಂತಿದ್ದರು. ಅಲ್ಲಿ ಕೊಯ್ಯಲು ಹೂವಿರಲಿಲ್ಲ.

ಇದನ್ನು ನಾನು ಕಣ್ಣಾರೆ ಕಂಡಂತೆ ಬರೆದಿದ್ದೇನೆ. ಆದರೆ ದಿನಚರಿಯ ಪ್ರಕಾರ ಆ ವಾರ ನಾನು ಒಂದು ಮದುವೆಗೆಂದು ಕಾಣಿಯೂರಿನಲ್ಲಿದ್ದೆ. ಅಮ್ಮ ಹೇಳಿದ್ದನ್ನು ಕೇಳಿ ಕೇಳಿ ಅದು ನನ್ನ ಕಣ್ಣಿನದೇ ಆಗಿರಬೇಕು.

ಆಮೇಲೆ ಅತ್ತೆಯ ನಡಿಗೆ ಬಾವಿಕಟ್ಟೆಯ ಸುತ್ತ ಮಾತ್ರ. ಬಾವಿಯ ಸುತ್ತ ಹುಲ್ಲು ಹುಟ್ಟದ ಒಂದು ಬಳೆಯಾಯಿತು. ಕಾಲು ಊದಿತು, ಮಾತು ಕಡಿಮೆಯಾಯಿತು, ಬಸ್ಸಿನ ತಮಾಷೆ ನಿಂತಿತು. ನಾಲ್ಕನೆಯ ಮಳೆಗಾಲಕ್ಕೆ ಅತ್ತೆ ಇರಲಿಲ್ಲ. ಬಯಲು ಹೋದದ್ದಕ್ಕೇ ಸತ್ತರು ಎಂದು ನಾನು ಹೇಳಲಾರೆ, ವಯಸ್ಸೂ ಆಗಿತ್ತು. ಬಳೆ ಮಾತ್ರ ಮುಂದಿನ ವರ್ಷವೂ ಮಾಸಿರಲಿಲ್ಲ.

ಅಪ್ಪನ ಪೆಟ್ಟಿಗೆಯಲ್ಲಿ ಆ ಎರಡು ಹಾಳೆ ನನಗೆ ಸಿಕ್ಕಿದ್ದು ಬಹಳ ತಡವಾಗಿ, ಅವರೂ ಹೋದ ಮೇಲೆ. ಎರಡನೆಯ ಹಾಳೆಯ ಕೆಳಗಡೆ ಒಂದು ಸಾಲು ಇತ್ತು: ಬಿಡುವ ಬಯಲು ಅರ್ಜಿದಾರನ ಸ್ವಂತ ಜಾಗವೇ ಆಗಿರಬೇಕು. ಆ ಸಾಲಿನ ಅಂಚಿನಲ್ಲಿ ನೀಲಿ ಪೆನ್ಸಿಲಿನ ಒಂದು ಸಣ್ಣ ಗೆರೆ.

ಓದಿದ ಸಾಲಿಗೆ ಅಂಚಿನಲ್ಲಿ ಗೆರೆ ಎಳೆಯುವುದು ಕಾಲೇಜಿನಲ್ಲಿ ನನಗೆ ಅಂಟಿದ ಅಭ್ಯಾಸ. ಆದರೆ ಆ ದಿನ ಆ ಪೆನ್ಸಿಲು ನನ್ನ ಕೈಯಿಂದ ಚಿಕ್ಕಪ್ಪನ ಕೈಗೆ, ಅವರ ಕೈಯಿಂದ ನನ್ನ ಕೈಗೆ ಹೋಗುತ್ತ ಬರುತ್ತ ಇತ್ತು. ಇಂಗ್ಲಿಷು ಓದಲು ಅವರಿಗೂ ಬರುತ್ತಿತ್ತು. ನಾನು ಆ ಸಾಲನ್ನು ಗಟ್ಟಿಯಾಗಿ ಓದಿದ ನೆನಪಿಲ್ಲ. ಓದದೆ ಬಿಟ್ಟ ನೆನಪೂ ಇಲ್ಲ.

ಹಾಳೆ ಹಿಡಿದುಕೊಂಡು ಸುಳ್ಯಕ್ಕೆ ಹೋದೆ. ಚಿಕ್ಕಪ್ಪ ಈಗ ಮಗಳ ಮನೆಯಲ್ಲಿದ್ದಾರೆ. ಕನ್ನಡಕ ಹಾಕಿ, ಹಾಳೆಯನ್ನು ಬೆಳಕಿಗೆ ಹಿಡಿದು, ತುಂಬ ಹೊತ್ತು ನೋಡಿದರು.

“ಅದೆಲ್ಲ ಈಗ ಎಂತಕ್ಕೆ ಮಾರಾಯ್ತಿ? ಕಾಫಿ ಆರ್ತದೆ, ಕುಡಿ.”

ಕುಡಿದೆ. ಲೋಟ ಕೆಳಗಿಟ್ಟು ಮತ್ತೆ ಕೇಳಿದೆ. “ಚಿಕ್ಕಪ್ಪ, ಆ ಗೆರೆ ಎಳೆದದ್ದು ನಾನಾ, ನೀವಾ?”