ರೇಟು ಇಳಿಯುವ ತನಕ

ಅಣ್ಣಿಗೇರಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಮ್ಮದೊಂದು ಫೋಟೋ ಸ್ಟುಡಿಯೋ ಇದೆ. ನಾನೂ ನನ್ನ ಗಂಡನೂ ಸೇರಿ ನಡೆಸುತ್ತೇವೆ. ಮದುವೆಗಳಲ್ಲಿ ಅವರು ಕ್ಯಾಮೆರಾ ಹಿಡಿದರೆ ನಾನು ಲೈಟು ಹಿಡಿಯುತ್ತೇನೆ. ಹೆಂಗಸರಷ್ಟೇ ಸೇರುವ ಶಾಸ್ತ್ರವಿದ್ದಾಗ ಮಾತ್ರ ಕ್ಯಾಮೆರಾ ನನ್ನ ಕೈಗೆ ಬರುತ್ತದೆ.

ಆ ವರ್ಷ ನಮ್ಮ ಕ್ಯಾಮೆರಾಕ್ಕೆ ಎಂಟು ತುಂಬಿತ್ತು. ಹೊಸದನ್ನು ದೀಪಾವಳಿಗೇ ತರುವುದೆಂದು ಮಾತಾಗಿತ್ತು, ದುಡ್ಡೂ ಕೂಡಿಟ್ಟಾಗಿತ್ತು. ಆದರೆ ನನ್ನ ಗಂಡ ದಿನಾ ಚಹಾ ಕುಡಿಯುತ್ತ ಮೊಬೈಲಿನಲ್ಲಿ ಅದರ ಬೆಲೆ ನೋಡುವವರು. ಆಗಸ್ಟಿನಲ್ಲಿ ಬಂದ ಮಾಡೆಲ್ಲು ದಸರೆಗೆ ಮೂರು ಸಾವಿರ ಇಳಿಯಿತು. ದೀಪಾವಳಿಗೆ ಮತ್ತೆರಡು ಸಾವಿರ.

"ಈಗರ ತಗೋಳ್ರಿ" ಅಂದೆ.

"ಹುಚ್ಚಿ ಅದೀ ಏನ? ಹೊಸಾ ಮಾಡೆಲ್ ಬರೂದೈತಿ. ಅದು ಬಂದ ಮರುದಿನಾನ ಇದರ ರೇಟ ಧಡಕ್ಕನ ಬೀಳತೈತಿ. ಸಂಕ್ರಾಂತಿ ತನಕ ತಡಿ."

ಸಂಕ್ರಾಂತಿಗೆ ಇನ್ನಷ್ಟು ಇಳಿಯಿತು. ಇಳಿದಷ್ಟೂ ಅವರಿಗೆ ತಮ್ಮ ಮಾತು ಸರಿಯೆನಿಸುತ್ತಿತ್ತು, ಇನ್ನೂ ಕಾಯುವ ಆಸೆಯಾಗುತ್ತಿತ್ತು. ಯುಗಾದಿ ತನಕ ಎಂದರು.

ಅಷ್ಟರಲ್ಲಿ ಶಲವಡಿಯ ಮದುವೆ ಬಂತು.

ಹೊಲಮನೆ ಇದ್ದ ದೊಡ್ಡ ಕುಟುಂಬ, ಹಿರಿಮಗಳ ಮದುವೆ. ಮುಂಜಾನೆ ಅಂಗಳದಲ್ಲಿ ಸುರಗಿ. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ಸುತ್ತಲೂ ದಾರ ಸುತ್ತಿ, ಮದುಮಗಳನ್ನು ನಡುವೆ ಕೂರಿಸಿ ಅರಿಷಿಣ ಹಚ್ಚಿ ನೀರೆರೆಯುವ ಶಾಸ್ತ್ರ. ಹೆಂಗಸರದೇ ಕೆಲಸವಾದ್ದರಿಂದ ಕ್ಯಾಮೆರಾ ನನ್ನ ಕೈಯಲ್ಲಿತ್ತು. ಬಿಸಿಲು ಆಗಲೇ ಚುರುಕಾಗಿತ್ತು.

ಮದುಮಗಳ ತಾಯಿ ಅರಿಷಿಣ ಹಚ್ಚುತ್ತಿದ್ದಾಗ ಬಾಗಿಲ ಕಡೆ ಗದ್ದಲ ನಿಂತುಹೋಯಿತು. ಬಂದವರು ಆ ತಾಯಿಯ ಒಡಹುಟ್ಟಿದ ಅಕ್ಕ, ಮೊರಬದವರು. ತವರಿನ ಹೊಲದ ಪಾಲಿಗೆ ಜಗಳವಾಗಿ ಏಳು ವರ್ಷ ಇಬ್ಬರೂ ಒಬ್ಬರ ಮನೆ ಹೊಸಿಲು ಒಬ್ಬರು ತುಳಿದಿರಲಿಲ್ಲವೆಂದು ಬಾಜು ನಿಂತ ಹೆಣ್ಣುಮಗಳು ನನ್ನ ಕಿವಿಯಲ್ಲಿ ಹೇಳಿದಳು. ಅಕ್ಕ ಯಾರನ್ನೂ ನೋಡದೆ ನೇರ ಬಂದು ಮದುಮಗಳ ಪಕ್ಕ ಕೂತರು. ತಂಗಿಯ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಆ ಕೈ ಮೆಲ್ಲಗೆ ಮುಂದೆ ಹೋಗಿ ಅಕ್ಕನ ಗಲ್ಲಕ್ಕೆ ಅರಿಷಿಣ ಹಚ್ಚಿತು. ಇಬ್ಬರೂ ಅಳುತ್ತಿದ್ದರು. ನಾನು ಒಂದರ ಹಿಂದೊಂದು ಹತ್ತು ಹನ್ನೆರಡು ಫೋಟೋ ಹೊಡೆದೆ.

ನೆರಳಿಗೆ ಹೋಗಿ ಕ್ಯಾಮೆರಾದ ಪರದೆ ನೋಡಿದರೆ ಪ್ರತಿ ಫೋಟೋದಲ್ಲೂ ಮೇಲ್ಭಾಗಕ್ಕೆ ಒಂದು ಕಪ್ಪು ಪಟ್ಟಿ. ಮೊದಲಿನವುಗಳಲ್ಲಿ ಬೆರಳಿನಷ್ಟು, ಅಕ್ಕ ತಂಗಿಯ ಪಟಗಳಲ್ಲಿ ಅರ್ಧ ಚಿತ್ರ ನುಂಗುವಷ್ಟು. ಚಪ್ಪರದಲ್ಲಿ ಲೈಟು ಕಟ್ಟುತ್ತಿದ್ದ ಗಂಡನ ಹತ್ತಿರ ಓಡಿದೆ.

ಅವರು ನೋಡಿದರು. ಬೆಚ್ಚಿಬೀಳಲಿಲ್ಲ. ಅದೇ ನನಗೆ ವಿಚಿತ್ರವೆನಿಸಿತು.

"ನಿಮಗ ಗೊತ್ತಿತ್ತೇನ್ರೀ?"

"ಸಾವಕಾಶ ಮಾತಾಡ, ಮಂದಿ ಅದಾರ."

"ಗೊತ್ತಿತ್ತೇನು?"

"ಹೋದ ವಾರ ಯಮನೂರ ಕೆಲಸದಾಗ ಒಂದೆರಡು ಹಿಂಗ ಬಂದಿದ್ವು. ಕತ್ತರಿಸಿ ಕೊಟ್ಟೆ. ಶಟರ್ ಹಿಡಕೊಳ್ಳಾಕತ್ತೈತಿ. ಯುಗಾದಿ ತನಕ ನಡೀತೈತಿ ಅಂದ್ಕೊಂಡಿದ್ದೆ."

ಅಕ್ಕಿಕಾಳು ಬೀಳುವ ಮುಹೂರ್ತಕ್ಕೆ ಅರ್ಧ ತಾಸು ಉಳಿದಿತ್ತು. ಜಗಳಕ್ಕೆ ಹೊತ್ತಿರಲಿಲ್ಲ. ಬಿಸಿಲಿನಲ್ಲಿ ಶಟರ್ ಬಹಳ ವೇಗವಾಗಿ ತೆರೆದು ಮುಚ್ಚಬೇಕು, ಅದಕ್ಕೇ ಪಟ್ಟಿ ಬೀಳುತ್ತಿದೆ, ಚಪ್ಪರದ ಒಳಗೆ ವೇಗ ತಗ್ಗಿಸಿ ಫ್ಲ್ಯಾಶ್ ಹಾಕಿದರೆ ಪಾರಾಗಬಹುದು ಎಂದರು. ಕೈ ಒಂದಿಷ್ಟು ನಡುಗಿದರೂ ಚಿತ್ರ ಅಲುಗುತ್ತದೆ. ಮಂಗಳಾಷ್ಟಕ ಶುರುವಾದಾಗ ಅವರ ಹಣೆಯಿಂದ ಬೆವರು ಇಳಿದು ಕ್ಯಾಮೆರಾದ ಮೇಲೆ ಬೀಳುತ್ತಿತ್ತು. ಮೂರು ಮೂರು ಫೋಟೋಕ್ಕೊಮ್ಮೆ ಪರದೆ ನೋಡಿ ನನ್ನ ಕಡೆ ತಲೆಯಾಡಿಸುತ್ತಿದ್ದರು. ತಾಳಿ ಬಂತು, ಅಕ್ಕಿಕಾಳು ಬಂತು. ಉಳಿದದ್ದೆಲ್ಲ ಬಂತು.

ಸುರಗಿ ಮಾತ್ರ ಬರಲಿಲ್ಲ. ಅಕ್ಕ ತಂಗಿ ಇದ್ದ ಪಟಗಳನ್ನು ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡಿ ನೋಡಿದೆವು. ಪಟ್ಟಿ ಸರಿಯಾಗಿ ಇಬ್ಬರ ಮುಖದ ಮೇಲೆ. ಕೆಳಗೆ ಅರಿಷಿಣದ ಕೈ, ಬಳೆ, ಒದ್ದೆ ಸೆರಗು.

ಎರಡು ದಿನ ಬಿಟ್ಟು ನನ್ನ ಗಂಡ ನಗುತ್ತ ಕರೆದರು. "ಬಾ ಇಲ್ಲೆ, ಸರಿ ಆತ ನೋಡು." ಮುಖ ತುಂಬಿಸಿಕೊಡುವ ಯಾವುದೋ ಹೊಸ ಆ್ಯಪಿಗೆ ಹಾಕಿದ್ದರು. ಪಟ್ಟಿ ಮಾಯವಾಗಿತ್ತು. ಇಬ್ಬರು ಚೆಂದದ ಹೆಂಗಸರು ಒಬ್ಬರನ್ನೊಬ್ಬರು ನೋಡಿ ಮುಗುಳ್ನಗುತ್ತಿದ್ದರು.

"ಇವರ ಯಾರ್ರೀ?"

"ಯಾರಂದ್ರ? ಅವರ."

"ಅವರ ಅಳಾಕತ್ತಿದ್ರು. ನಾ ನೋಡೀನಿ."

"ಯಾರಿಗೆ ತಿಳೀತೈತಿ?"

"ನನಗ ತಿಳೀತೈತಿ. ಇದನ್ನ ಕೊಟ್ಟರ ನಾಳೆಯಿಂದ ಕ್ಯಾಮೆರಾ ನೀವ ಹಿಡೀರಿ, ನಾ ಬರಂಗಿಲ್ಲ."

ಮರುದಿನ ಅವರೇ ಬೈಕು ಹೊರಗೆ ತೆಗೆದು, "ನಡಿ, ಶಲವಡಿಗೆ ಹೋಗೂಣು" ಎಂದರು.

ಮದುಮಗಳ ತಾಯಿ ನಮ್ಮನ್ನು ಪಡಸಾಲೆಯಲ್ಲಿ ಕೂರಿಸಿ ಚಹಾ ಕೊಟ್ಟರು. ನಾನು ಪಟ್ಟಿ ಬಿದ್ದ ಫೋಟೋ ತೋರಿಸಿ ಇದ್ದದ್ದು ಇದ್ದಂತೆ ಹೇಳಿದೆ: ಕ್ಯಾಮೆರಾ ಕೆಟ್ಟಿತ್ತು, ಮೊದಲೇ ಗೊತ್ತಿತ್ತು, ಹೊಸದರ ಬೆಲೆ ಇಳಿಯಲೆಂದು ಕಾಯುತ್ತಿದ್ದೆವು. ಅವರು ಬಹಳ ಹೊತ್ತು ಆ ಫೋಟೋ ನೋಡಿದರು.

"ನಮ್ಮಕ್ಕ ಅವತ್ತು ಊಟಾ ಮಾಡಿ ಹೇಳದ ಹೋದ್ಲು. ಆಮ್ಯಾಲೆ ಒಂದ ಫೋನ್ ಇಲ್ಲ. ಆಕಿ ಬಂದಿದ್ಲು ಅನ್ನೂದಕ್ಕ ಇದೊಂದ ಇತ್ತು." ದನಿ ಏರಿತು. "ರೇಟ್ ಇಳಿದ್ರ ನಿಮಗ ಲಾಭ. ನನಗೇನ್ರಿ? ನಿಮ್ಮ ಲಾಭದ ಸಲುವಾಗಿ ನಮ್ಮನಿ ಸುರಗಿ ಕಳೀಬೇಕಾಗಿತ್ತೇನು?"

ನನ್ನ ಗಂಡ ತಲೆ ತಗ್ಗಿಸಿ ಕೂತಿದ್ದರು. ಚಹಾ ಹಾಗೇ ಆರಿತು. ಅಲ್ಲಿಂದ ಎದ್ದವರು ನನ್ನನ್ನು ಮನೆಯಲ್ಲಿ ಇಳಿಸಿ ಸೀದಾ ಹುಬ್ಬಳ್ಳಿಗೆ ಹೋಗಿ, ಆ ದಿನ ಎಷ್ಟಿತ್ತೋ ಅಷ್ಟು ಕೊಟ್ಟು ಹೊಸ ಕ್ಯಾಮೆರಾ ತಂದರು. ಮೂರು ವಾರಕ್ಕೆ ಅದರ ಬೆಲೆ ಮತ್ತೆ ನಾಲ್ಕು ಸಾವಿರ ಇಳಿಯಿತು. ಮೊಬೈಲು ನನ್ನ ಮುಂದೆ ಹಿಡಿದು ತೋರಿಸಿದರು. ನಾವಿಬ್ಬರೂ ನಗಲಿಲ್ಲ.

ಶಲವಡಿಯವರ ಮೊಬೈಲುಗಳಲ್ಲಿ ಆ ಗಳಿಗೆಯ ಫೋಟೋ ಇರಲಿಲ್ಲ. ಅಕ್ಕನ ಕಡೆಯವರ ಯಾರದಾದರೂ ಮೊಬೈಲಿನಲ್ಲಿ ಸುರಗಿಯ ಒಂದು ಫೋಟೋ ಸಿಕ್ಕೀತೆಂದು ನಾನೊಬ್ಬಳೇ ಬಸ್ಸು ಹತ್ತಿ ಮೊರಬಕ್ಕೆ ಹೋದೆ. ಅವರು ಒಬ್ಬರೇ ಬಂದಿದ್ದರಂತೆ. ಮೊಬೈಲು ಬಟನ್ನಿನದು.

"ಮತ್ತೊಮ್ಮೆ ಇಬ್ಬರೂ ಕುಂತ್ರ ನಾ ತಗೀತೀನ್ರಿ ಅಕ್ಕಾರ" ಅಂದೆ.

"ಫೋಟೋ ಸಲುವಾಗಿ ನಾ ಬರಂಗಿಲ್ಲವಾ. ಅವತ್ತ ಕರೀಲಾರದ ಹೋಗಿದ್ದೆ. ಎಲ್ಲಾರೂ ನನ್ನ ಮಾರಿ ನೋಡಾಕತ್ತಿದ್ರು. ಆಕಿ ಕರೀಲಿ."

ಏನು ಧೈರ್ಯವೋ, ಅಲ್ಲಿಂದಲೇ ಶಲವಡಿಗೆ ಫೋನು ಹಚ್ಚಿ, ಆ ಕಡೆ ಹಲೋ ಅಂದ ತಕ್ಷಣ ಅಕ್ಕನ ಕೈಗೆ ಕೊಟ್ಟೆ. ಅವರು ಅದನ್ನು ಕೆಂಡದ ಹಾಗೆ ಹಿಡಿದರು. ಆ ಕಡೆಯಿಂದ "ಯಾರು? ಯಾರದು?" ಕೇಳಿಸುತ್ತಿತ್ತು. ಈಗ ಇಟ್ಟುಬಿಡುತ್ತಾರೆ ಅಂದುಕೊಂಡೆ.

"ನಾನ" ಎಂದರು ಅಕ್ಕ.

ಆ ಕಡೆ ಸದ್ದು ನಿಂತಿತು. ಕೊನೆಗೆ, "ಊಟಾ ಆತೇನ ಯಕ್ಕಾ?" ಎಂಬ ಸಣ್ಣ ದನಿ ಬಂತು.

ಮುಂದಿನ ರವಿವಾರ ಶಲವಡಿಯ ಹಿತ್ತಲಲ್ಲಿ ಇಬ್ಬರೂ ಹಸಿ ಕಡಲೆ ಬಿಡಿಸುತ್ತ ಕೂತಿದ್ದಾಗ ನಾನು ಫೋಟೋ ತೆಗೆದೆ. ಮೊದಮೊದಲು ಇಬ್ಬರೂ ಕಡಲೆಯನ್ನೇ ನೋಡುತ್ತಿದ್ದರು. ಆಮೇಲೆ ತಂಗಿ ಬಿಡಿಸಿದ ನಾಲ್ಕು ಕಾಳನ್ನು ಅಕ್ಕನ ಅಂಗೈಗೆ ಹಾಕಿದರು. ಅದನ್ನೇ ದೊಡ್ಡದು ಮಾಡಿ, ಕಟ್ಟು ಹಾಕಿಸಿ ಕೊಟ್ಟೆ.

ಶಲವಡಿಯ ಆ ತಾಯಿಯ ಕಿರಿಮಗಳ ಮದುವೆ ಈ ವರ್ಷವಾಯಿತು. ಮೊರಬದ ಅಕ್ಕ ಎಂಟು ದಿನ ಮೊದಲೇ ಬಂದು ಕೂತು ಉಂಡಿ ಕಟ್ಟಿದರಂತೆ. ಫೋಟೋಕ್ಕೆ ಧಾರವಾಡದವರನ್ನು ಕರೆಸಿದರು. ನಮಗೆ ಊಟದ ಕರೆ ಮಾತ್ರ ಬಂತು. ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು. ಆದರೂ ಇಬ್ಬರೂ ಹೋಗಿ ಉಂಡು ಬಂದೆವು.